ಡಬಲ್ ಬೇಸ್ ಅಸ್ತಿತ್ವ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಲು ಹೊರಟವನು ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಓದಲು ಅಧಿಕಾರಿ ಯಾರು? ವಿಷಯ, ಪಾಶ್ಚಾತ್ಯ ಶಾಸ್ತ್ರೀಯ ವಾದ್ಯವೃಂದದ ಒಂದು ತುದಿಯಲ್ಲಿ ಆಳೆತ್ತರ ಮೀರಿ ನಿಂತಿರುವ ಡಬಲ್ ಬೇಸ್. ಪ್ರಯೋಜನ, ಅದು ನಿಜಕ್ಕೂ ಕೇಳಿಸುತ್ತದೆಯೇ ಎಂಬ ಬಹುಕಾಲದ ಸಂಶಯದ ನಿವಾರಣೆ. ಸಂಬಂಧ, ಅದನ್ನು ಹೊರುವವನಿಗೂ ಅವನ ಸೊಂಟನೋವಿಗೂ ಇರುವಂಥದ್ದು. ಇನ್ನು ಅಧಿಕಾರಿಯ ವಿಷಯದಲ್ಲಿ ಈ ಗ್ರಂಥಕಾರ ಉದಾರಿ. ಕಚೇರಿಗೆ ಹೋಗಿ ಎರಡು ಗಂಟೆ ಪಿಟೀಲಿನವರನ್ನೇ ನೋಡಿ ಮನೆಗೆ ಬಂದವರೆಲ್ಲರೂ ಅಧಿಕಾರಿಗಳೇ. ಪಿಟೀಲಿನವರು ಮಾತ್ರ ಅಲ್ಲ, ಅವರಿಗೆ ಬಿಡುವಿಲ್ಲ.

ಪೂರ್ವಸೂರಿಗಳನ್ನು ನೆನೆಯದೆ ಮುಂದೆ ಹೋಗುವುದು ಅಪಚಾರ. ಜರ್ಮನ್ ಲೇಖಕ ಪ್ಯಾಟ್ರಿಕ್ ಝ್ಯೂಸ್ಕಿಂಡ್ ಬರೆದ ‘ಡೆರ್ ಕೊಂಟ್ರಾಬಾಸ್’ ಎಂಬ ಏಕವ್ಯಕ್ತಿ ನಾಟಕ 1981ರಲ್ಲಿ ಮ್ಯೂನಿಕ್‌ನಲ್ಲಿ ರಂಗಕ್ಕೆ ಬಂತು. ಸರ್ಕಾರಿ ವಾದ್ಯವೃಂದದ ಬೇಸ್ ವಾದಕನೊಬ್ಬ ಸದ್ದು ಹೊರಹೋಗದ ಕೋಣೆಯಲ್ಲಿ ಬಿಯರ್ ಹೀರುತ್ತಾ ತನ್ನ ವಾದ್ಯವನ್ನು ಹೊಗಳಲು ಶುರುಮಾಡಿ, ನಾಟಕ ಮುಗಿಯುವುದರೊಳಗೆ ಅದನ್ನೇ ಬೈಯತೊಡಗುತ್ತಾನೆ. ಅವನಿಗೆ ಸೊಪ್ರಾನೊ ಗಾಯಕಿಯೊಬ್ಬಳ ಮೇಲೆ ಪ್ರೀತಿ. ಆಕೆಗೆ ಇವನೊಬ್ಬ ಇದ್ದಾನೆಂಬುದೇ ಗೊತ್ತಿಲ್ಲ. ನೋಡಿದವರು ಇದನ್ನು ಪ್ರೇಮದ ಸಂಕಟವೆಂದು ತಿಳಿದು ಕಣ್ಣೊರೆಸಿಕೊಂಡರು. ಈ ಗ್ರಂಥಕಾರನ ಮತದಲ್ಲಿ ಅದು ಶುದ್ಧ ತರ್ಕಶಾಸ್ತ್ರದ ಸಮಸ್ಯೆ: ಇರುವ ವಸ್ತು ಇದೆ ಎಂದು ಎದುರಿನವರಿಗೆ ಗೊತ್ತಾಗುವುದು ಯಾವ ಪ್ರಮಾಣದಿಂದ?

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಅವನ ವಾದ: ಡಬಲ್ ಬೇಸ್ ವಾದ್ಯವೇ ಅಲ್ಲ, ಅದೊಂದು ಬೀರು. ಹೇಗೆಂದರೆ, ಎತ್ತರ ಸುಮಾರು ಆರು ಅಡಿ. ಒಳಗೆ ಪೊಳ್ಳು. ಮಹಡಿ ಹತ್ತಿಸಬೇಕಾದರೆ ಇನ್ನೊಬ್ಬರ ಕೈ ಬೇಕು. ಬಾಡಿಗೆ ಮನೆ ನೋಡುವಾಗ ಇದಕ್ಕೆ ಜಾಗವೆಲ್ಲಿ ಎಂಬುದೇ ಮೊದಲ ಚಿಂತೆ. ಮೇಲಾಗಿ, ಕೆಳಗಿನ ಕಬ್ಬಿಣದ ಮೊಳೆ ಕಳಚಿ ಆ ತೂತಿಗೆ ಚಕ್ರ ಸಿಕ್ಕಿಸಿ ಬೀದಿಯಲ್ಲಿ ಉರುಳಿಸಿಕೊಂಡು ಹೋಗುತ್ತಾರೆ. ವಾದ್ಯಕ್ಕೆ ಚಕ್ರವುಂಟೆ? ಪಿಯಾನೊಗೂ ಇದೆಯಲ್ಲ ಎಂದರೆ, ಪಿಯಾನೊ ವಾದಕ ಬರಿಗೈಯಲ್ಲಿ ಬರುತ್ತಾನೆ, ವಾದ್ಯವನ್ನು ಸಭಾಂಗಣದವರು ಒದಗಿಸುತ್ತಾರೆ. ಆದ್ದರಿಂದ ಆ ದೃಷ್ಟಾಂತ ಸಲ್ಲದು. ವಿಮಾನ ಕಂಪನಿಗಳೂ ಪೂರ್ವಪಕ್ಷಿಯ ಕಡೆಯ ಸಾಕ್ಷಿಗಳೇ. ಚೆಲ್ಲೊಗೆ ಪಕ್ಕದ ಸೀಟಿನ ಟಿಕೆಟ್ ಕೊಂಡು ಬೆಲ್ಟು ಕಟ್ಟಿ ಕೂರಿಸಬಹುದು. ಬೇಸ್‌ಗೆ ಆ ಯೋಗವಿಲ್ಲ, ದೊಡ್ಡ ಪೆಟ್ಟಿಗೆಯಲ್ಲಿ ಮಲಗಿ ಸರಕಿನ ಜೊತೆ ಹೋಗಬೇಕು. ಈಚೆಗೆ ಪ್ರಯಾಣಕ್ಕೆಂದೇ ಕುತ್ತಿಗೆ ಕಳಚುವ ಬೇಸ್‌ಗಳನ್ನೂ ಮಾಡುತ್ತಾರೆ. ಕುತ್ತಿಗೆ ಕಳಚಿದ ಮೇಲೂ ಬದುಕಿರುವುದು ಪೀಠೋಪಕರಣ ಮಾತ್ರ ಎಂದು ಪೂರ್ವಪಕ್ಷಿ ಮುಗಿಸುತ್ತಾನೆ.

ಸಿದ್ಧಾಂತಿಯ ಸಮಾಧಾನ: ಬೀರುವಿನ ಮುಂದೆ ನಿಂತು ಯಾರೂ ದಿನಕ್ಕೆ ನಾಲ್ಕು ಗಂಟೆ ಸಾಧನೆ ಮಾಡುವುದಿಲ್ಲ. ಮದುವೆಗೆ ಹೊರಟವರ ಮಾತು ಬೇರೆ.

ಲಕ್ಷಣವನ್ನು ಹೇಳುತ್ತೇವೆ. ತಂತಿ ನಾಲ್ಕು, ತಗ್ಗಿನಿಂದ ಎಣಿಸಿದರೆ ಇ, ಎ, ಡಿ, ಜಿ. ಪಿಟೀಲು, ವಿಯೊಲಾ, ಚೆಲ್ಲೊಗಳಲ್ಲಿ ತಂತಿಯಿಂದ ತಂತಿಗೆ ಷಡ್ಜ–ಪಂಚಮದ ಅಂತರವಾದರೆ ಬೇಸ್‌ನಲ್ಲಿ ಷಡ್ಜ–ಮಧ್ಯಮದ್ದು. ಕಾರಣ ಮನುಷ್ಯನ ಅಂಗೈ. ಪಿಟೀಲಿನಲ್ಲಿ ಕುದುರೆಯಿಂದ ತಲೆಯವರೆಗೆ ನುಡಿಯುವ ತಂತಿ ಸುಮಾರು 33 ಸೆಂಟಿಮೀಟರ್, ಬೇಸ್‌ನಲ್ಲಿ 105ರ ಆಸುಪಾಸು. ಕತ್ತಿನ ಕಡೆಯಲ್ಲಿ ಕೈಯನ್ನು ಹರಿಯುವಷ್ಟು ಅಗಲಿಸಿದರೂ ತೋರುಬೆರಳಿನಿಂದ ಕಿರುಬೆರಳಿಗೆ ದಕ್ಕುವುದು ಒಂದು ಪೂರ್ಣಸ್ವರದ ದೂರ, ಅಷ್ಟೆ. ವಿಯೆನ್ನಾದ ಫ್ರಾಂಟ್ಸ್ ಸಿಮಾಂಡ್ಲ್ ಬರೆದ ಪಾಠಪುಸ್ತಕವನ್ನು ಇವತ್ತಿಗೂ ವಿದ್ಯಾರ್ಥಿಗಳು ತಿರುವುತ್ತಾರೆ. ಅದರ ಪ್ರಕಾರ ಆ ಭಾಗದಲ್ಲಿ ತೋರು, ನಡು, ಕಿರುಬೆರಳುಗಳಿಗೆ ಮಾತ್ರ ಉದ್ಯೋಗ. ಉಂಗುರದ ಬೆರಳು ಕಿರುಬೆರಳಿಗೆ ಬೆನ್ನಾಸರೆಯಾಗಿ ನಿಲ್ಲಬೇಕು. ಉಂಗುರವನ್ನು ಆ ಬೆರಳಿಗೇ ಯಾಕೆ ತೊಡಿಸುತ್ತಾರೆಂಬ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತೆಂದು ಸಮಾಜಶಾಸ್ತ್ರಜ್ಞರು ತಿಳಿಯಬೇಕು.

ಇನ್ನೊಂದು ಲಕ್ಷಣವೆಂದರೆ ಹಾಳೆಯಲ್ಲಿ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಇದು ನುಡಿಯುತ್ತದೆ. ಬರೆದದ್ದೊಂದು, ನುಡಿದದ್ದೊಂದು. ಸಂಗೀತದಲ್ಲಿ ಇದಕ್ಕೆ ಓದುವವರ ಅನುಕೂಲ ಎಂದು ಹೆಸರು.

ಕಮಾನಿನ ವಿಷಯದಲ್ಲಿ ಮತಭೇದವಿದೆ, ಮತಭೇದವಿಲ್ಲದ ಶಾಸ್ತ್ರ ಶಾಸ್ತ್ರವೇ ಅಲ್ಲ. ಫ್ರೆಂಚ್ ಪಂಥದವರು ಚೆಲ್ಲೊದವರಂತೆ ಕಮಾನನ್ನು ಮೇಲಿನಿಂದ ಹಿಡಿಯುತ್ತಾರೆ, ಅಂಗೈ ಕೆಳಮುಖ. ಜರ್ಮನ್ ಪಂಥದವರು ಪಕ್ಕದಿಂದ ಕೈ ತೂರಿಸಿ ಬುಡವನ್ನು ಅಂಗೈಯೊಳಗೆ ಕೂರಿಸಿಕೊಳ್ಳುತ್ತಾರೆ. ಹಳೆಯ ವಿಯೋಲ್ ವಾದ್ಯಗಳ ಕಾಲದಿಂದ ಬಂದ ಹಿಡಿತವಿದು. ಒಂದೇ ಪ್ರಸಂಗವನ್ನು ತೆಂಕುತಿಟ್ಟಿನವರೂ ಬಡಗುತಿಟ್ಟಿನವರೂ ಆಡುವಂತೆ ಒಂದೇ ಬೀಥೋವನ್ನನನ್ನು ಇಬ್ಬರೂ ನುಡಿಸುತ್ತಾರೆ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಒಂದು, ಫ್ರಾನ್ಸ್‌ನಲ್ಲಿ ಇನ್ನೊಂದು. ಅಮೆರಿಕದಲ್ಲಿ ಒಂದೇ ಸಾಲಿನಲ್ಲಿ ಎರಡೂ ಪಂಥದವರು ಅಕ್ಕಪಕ್ಕ ನಿಂತು ವಿರಾಮದಲ್ಲಿ ವಾದ ಮಾಡುತ್ತಾರೆ. ಕಣ್ಣು ಮುಚ್ಚಿ ಕೇಳಿದರೆ ಯಾರದು ಯಾವುದೆಂದು ತಿಳಿಯುವುದು ಕಷ್ಟ. ಆದ್ದರಿಂದಲೇ ವಾದ ಇಷ್ಟು ಬಿರುಸಾಗಿದೆ.

ಎರಡೂ ಪಂಥಗಳು ಒಪ್ಪುವ ವಸ್ತು ರೋಸಿನ್. ಪಿಟೀಲಿನವರ ರೋಸಿನ್ ಗಾಜಿನಂತೆ ಗಟ್ಟಿ, ಬಿದ್ದರೆ ಚೂರು. ಬೇಸ್‌ನದು ಮೆತ್ತಗೆ, ಅಂಟು. ದಪ್ಪ ತಂತಿಯನ್ನು ಕಚ್ಚಿ ಅಲುಗಿಸಬೇಕಾದರೆ ಕಮಾನಿನ ಕೂದಲಿಗೆ ಅಷ್ಟು ಅಂಟು ಬೇಕೇ ಬೇಕು. ಬೇಸಗೆಯಲ್ಲಿ ಡಬ್ಬಿಯನ್ನು ಓರೆಯಾಗಿಟ್ಟರೆ ಬಿಲ್ಲೆ ನಿಧಾನವಾಗಿ ಇಳಿದು ಡಬ್ಬಿಯ ಮೂಲೆಯ ಆಕಾರ ತಾಳುತ್ತದೆ. ಮುಚ್ಚಳದ ಕಾಗದ ಅದಕ್ಕೆ ಕಚ್ಚಿಕೊಂಡು ಕಿತ್ತರೂ ಬರುವುದಿಲ್ಲ. ವಾದಕ ಅದಕ್ಕೆ ಕಮಾನನ್ನು ಪಿಟೀಲಿನವರ ಹಾಗೆ ಹಿಂದೆ ಮುಂದೆ ಉಜ್ಜುವುದಿಲ್ಲ. ಬಿಗಿಯಾಗಿ ಒತ್ತಿ ಒಂದೇ ದಿಕ್ಕಿಗೆ ಎಳೆಯುತ್ತಾನೆ, ಇಲ್ಲವಾದರೆ ಕಮಾನು ಅಲ್ಲೇ ಅಂಟಿಕೊಳ್ಳುತ್ತದೆ. ಕಚೇರಿ ಮುಗಿದ ಮೇಲೆ ಕುದುರೆಯ ಬುಡದಲ್ಲಿ ಬಿಳಿ ಪುಡಿ, ಅಂಗಿಯ ತೋಳಿನ ಮೇಲೆ ಬಿಳಿ ಪುಡಿ. ಡಬಲ್ ಬೇಸ್ ನುಡಿಯಿತೆಂಬುದಕ್ಕೆ ಧೋಬಿಯೂ ಒಬ್ಬ ಸಾಕ್ಷಿ ಎಂದು ಇದರಿಂದ ಸಿದ್ಧವಾಗುತ್ತದೆ. ಆದರೂ ಧೋಬಿಯ ಸಾಕ್ಷ್ಯವನ್ನು ಶಾಸ್ತ್ರ ಒಪ್ಪದ ಕಾರಣ ಪ್ರಮಾಣಗಳತ್ತ ತಿರುಗೋಣ.

ಪ್ರತ್ಯಕ್ಷದಿಂದ ಹೆಚ್ಚು ಪ್ರಯೋಜನವಿಲ್ಲ. ಕಣ್ಣಿಗೆ ಬೇಸ್ ಕಾಣುತ್ತದೆ, ಹಿಂದೆ ಕುಳಿತವರಿಗೆ ಬೇರೇನೂ ಕಾಣದಷ್ಟು ಕಾಣುತ್ತದೆ. ಪ್ರಶ್ನೆ ಕಿವಿಯದು.

ಅನುಮಾನ ಪ್ರಮಾಣದಲ್ಲಿ ಮಾತ್ರ ಈ ಶಾಸ್ತ್ರದ ಬಂಗಾರವಿದೆ. ಬೇಸ್‌ನ ಅತಿ ತಗ್ಗಿನ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಅಷ್ಟುದ್ದದ ಅಲೆಯನ್ನು ಹುರುಪಿನಿಂದ ಗಾಳಿಗೆ ತಳ್ಳಲು ಆರಡಿಯ ಮರದ ಒಡಲು ಸಾಲುವುದಿಲ್ಲ. ಅಂದರೆ, ಬೀರುವಿನಷ್ಟು ದೊಡ್ಡದೆಂದು ಪೂರ್ವಪಕ್ಷಿ ಹಂಗಿಸಿದ ಈ ವಾದ್ಯ ತನ್ನ ಕೆಲಸಕ್ಕೆ ತೀರಾ ಚಿಕ್ಕದು! ತಗ್ಗಿನ ಸ್ವರದ ಮೂಲಕಂಪನ ಬಲಹೀನವಾಗಿ ಹೊರಡುತ್ತದೆ. ಜೋರಾಗಿ ಹೊರಡುವುದು ಅದರ ಮೇಲಿನ ಉಪಸ್ವರಗಳು: ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದವು. ಕೇಳುವವರ ಮಿದುಳು ಈ ಉಪಸ್ವರಗಳ ನಡುವಿನ ಅಂತರ ನೋಡಿ, ಇವೆಲ್ಲದರ ಕೆಳಗೆ 41ರ ಸ್ವರವೊಂದು ಇರಲೇಬೇಕು ಎಂದು ತೀರ್ಮಾನಿಸಿ, ಅದನ್ನೇ ಕೇಳುತ್ತದೆ. ಅಂಗೈಯೊಳಗಿನ ಮೊಬೈಲಿನ ಪುಟ್ಟ ಸ್ಪೀಕರಿಗೆ ಆ ಕಂಪನವನ್ನು ಹೊರಡಿಸುವ ಯೋಗ್ಯತೆಯೇ ಇಲ್ಲ. ಆದರೂ ಅದರಲ್ಲಿ ಬೇಸ್‌ನ ರಾಗ ಗುರುತು ಸಿಗುವುದು ಈ ಉಪಾಯದಿಂದಲೇ.

ನೈಯಾಯಿಕರು ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯಿದೆ ಎಂದು ಊಹಿಸುತ್ತಾ ಶತಮಾನಗಳನ್ನೇ ಕಳೆದರು. ಅವರು ಒಂದು ಸಿಂಫನಿಗೆ ಟಿಕೆಟ್ ತೆಗೆದಿದ್ದರೆ ಸಾಕಿತ್ತು. ಉಪಸ್ವರವೆಂಬ ಹೊಗೆಯಿಂದ ಮೂಲಸ್ವರವೆಂಬ ಬೆಂಕಿಯನ್ನು ಸಭಿಕರೆಲ್ಲರೂ ಸೆಕೆಂಡಿನ ಒಂದು ಚೂರಿನೊಳಗೆ, ಕೆಲವರು ನಿದ್ದೆ ಮಾಡುತ್ತಲೇ, ಊಹಿಸುತ್ತಿರುತ್ತಾರೆ. ಡಬಲ್ ಬೇಸ್‌ನ ಅತಿ ತಗ್ಗಿನ ಸ್ವರ ಬಹುಮಟ್ಟಿಗೆ ಊಹೆಯಿಂದ ಕೇಳಿಸುವಂಥದ್ದು ಎಂಬ ಈ ಮಾತು ಅಣಕವಲ್ಲ, ಭೌತಶಾಸ್ತ್ರ. ಗ್ರಂಥದಲ್ಲಿ ಒಂದಾದರೂ ನಿಜ ಇರಲಿ ಎಂದು ಸೇರಿಸಿದ್ದೇವೆ.

ಹಾಗಾದರೆ ಒಡಲನ್ನೇ ದೊಡ್ಡದು ಮಾಡಿದರಾಯಿತಲ್ಲ ಎಂಬ ಆಕ್ಷೇಪ ಬರುತ್ತದೆ. ಪ್ಯಾರಿಸ್ಸಿನ ವಾದ್ಯಶಿಲ್ಪಿ ಜಾನ್ ಬ್ಯಾಪ್ಟಿಸ್ಟ್ ವಿಲ್ಯೋಮ್ 1850ರ ಸುಮಾರಿಗೆ ಅದನ್ನೂ ಮಾಡಿ ನೋಡಿದ. ಅವನ ಆಕ್ಟೊಬೇಸ್‌ನ ಎತ್ತರ ಸುಮಾರು ಮೂರೂವರೆ ಮೀಟರ್, ತಂತಿ ಮೂರು. ಕೈ ಎಟುಕದ ಕಾರಣ ತಂತಿ ಒತ್ತಲು ಸನ್ನೆಗಳೂ ಪೆಡಲುಗಳೂ ಬೇಕಾದವು. ವಾದಕ ಮೆಟ್ಟಿಲಿನ ಮೇಲೆ ನಿಲ್ಲಬೇಕಾಯಿತು. ವಿಲ್ಯೋಮ್‌ನ ಕೈಯದೊಂದು ಈಗ ಪ್ಯಾರಿಸ್ಸಿನ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ವಸ್ತುಸಂಗ್ರಹಾಲಯ ಸೇರಿದ್ದು ತರ್ಕದ ಸೋಲಲ್ಲ, ಬಾಗಿಲುಗಳ ಸೋಲು.

ಉಪಮಾನ ಪ್ರಮಾಣಕ್ಕೆ ಬಂದರೆ ಆನೆ ಎದುರಾಗುತ್ತದೆ. ಬೀಥೋವನ್ನನ ಐದನೆಯ ಸಿಂಫನಿಯ ಮೂರನೆಯ ಭಾಗದಲ್ಲಿ ಚೆಲ್ಲೊ ಮತ್ತು ಬೇಸ್‌ಗಳು ಇದ್ದಕ್ಕಿದ್ದಂತೆ ಓಡತೊಡಗುತ್ತವೆ. ಅದನ್ನು ಕೇಳಿದ ಫ್ರೆಂಚ್ ವಾಗ್ಗೇಯಕಾರ ಬರ್ಲಿಯೋಜ್‌ಗೆ ಖುಷಿಯಾದ ಆನೆಯ ಕುಣಿತ ನೆನಪಾಯಿತು. ಹಾಗೆಂದು ಬರೆದೂ ಬಿಟ್ಟ. ಕರ್ಮ ಯಾರನ್ನೂ ಬಿಡುವುದಿಲ್ಲ. 1886ರಲ್ಲಿ ಸ್ಯಾಂ-ಸಾನ್ಸ್ ‘ಪ್ರಾಣಿಗಳ ಜಾತ್ರೆ’ ಎಂಬ ವಿನೋದದ ಕೃತಿಯನ್ನು ರಚಿಸುವಾಗ ಆನೆಯ ಪಾತ್ರವನ್ನು ಡಬಲ್ ಬೇಸ್‌ಗೇ ಕೊಟ್ಟ. ಆನೆಗೆ ನುಡಿಸಲು ಯಾವ ರಾಗ? ಗಾಳಿಯಲ್ಲಿ ತೇಲುವ ಅಪ್ಸರೆಯರ ಕುಣಿತಕ್ಕೆಂದು ಬರ್ಲಿಯೋಜ್ ತಾನೇ ಹೊಸೆದಿದ್ದ ಹೂವಿನಂಥ ರಾಗ! ಅದರ ಜೊತೆಗೆ ಮೆಂಡೆಲ್ಸನ್ ಕಿನ್ನರರಿಗಾಗಿ ಬರೆದಿದ್ದರ ಒಂದು ತುಣುಕನ್ನೂ ಆನೆಯ ಸೊಂಡಿಲಿಗೆ ಸಿಕ್ಕಿಸಿದ. ಬೇಸ್ ವಾದಕರನ್ನು ಆನೆಯೆಂದವನ ಅಪ್ಸರೆಯರು ಆನೆಯಾಗಿ ಮರುಹುಟ್ಟು ಪಡೆದ ಈ ಪ್ರಕರಣ ಪುನರ್ಜನ್ಮವಾದಿಗಳ ಗಮನಕ್ಕೆ ಇನ್ನೂ ಬಂದಿಲ್ಲ. ಸ್ಯಾಂ-ಸಾನ್ಸ್ ಮಾತ್ರ ಬುದ್ಧಿವಂತ. ತನ್ನ ಗಾಂಭೀರ್ಯಕ್ಕೆ ಕುಂದೆಂದು, ಹಂಸದ ಭಾಗವೊಂದನ್ನು ಬಿಟ್ಟು ಉಳಿದದ್ದನ್ನು ಬದುಕಿರುವವರೆಗೂ ಅಚ್ಚಿಗೆ ಕೊಡಲಿಲ್ಲ. ಹಂಸ ಯಾರ ಪಾಲಿಗೆ ಬಂತೆಂದು ಕೇಳಬೇಡಿ. ಚೆಲ್ಲೊದವರ ಪಾಲಿಗೆ.

ಶಬ್ದ ಪ್ರಮಾಣವೆಂದರೆ ಆಪ್ತವಾಕ್ಯ, ನಂಬಬಹುದಾದವರ ಮಾತು. ಬಹುಕಾಲ ಆಪ್ತರು ಬೇಸ್‌ನ ವಿಷಯದಲ್ಲಿ ಮಾತಾಡಲೇ ಇಲ್ಲ. 18ನೆಯ ಶತಮಾನದ ವೃಂದಗಳಲ್ಲಿ ಚೆಲ್ಲೊ, ಬೇಸ್ ಎರಡಕ್ಕೂ ಸಾಮಾನ್ಯವಾಗಿ ಒಂದೇ ಸಾಲು. ಚೆಲ್ಲೊ ನುಡಿಸಿದ್ದನ್ನು ಬೇಸ್ ಒಂದು ಸ್ಥಾಯಿ ಕೆಳಗೆ ಒಪ್ಪಿಸುವುದು. ಅಷ್ಟರಲ್ಲಿ ವೆನಿಸ್‌ನಿಂದ ಡೊಮೆನಿಕೊ ಡ್ರಾಗೊನೆಟ್ಟಿ (1763–1846) ಹೊರಟ. 1794ರಲ್ಲಿ ಲಂಡನ್ ಸೇರಿ ಅಲ್ಲೇ ನೆಲೆಸಿದ. ವೃಂದದಲ್ಲಿ ನುಡಿಸುವಾಗ ಅವನ ನಾಯಿ ಕಾರ್ಲೊ ಕಾಲ ಬಳಿ ಮಲಗಿರುತ್ತಿತ್ತು. ಮನೆಯಲ್ಲಿ ಬೊಂಬೆಗಳ ಸಂಗ್ರಹವಿತ್ತು. 1799ರಲ್ಲಿ ವಿಯೆನ್ನಾಕ್ಕೆ ಹೋದವನು ಬೀಥೋವನ್ ಚೆಲ್ಲೊಗಾಗಿ ಬರೆದ ಸೊನಾಟಾವನ್ನು, ಬೀಥೋವನ್ನನೇ ಪಿಯಾನೊಗೆ ಕುಳಿತಿರುವಾಗ, ಮೂರು ತಂತಿಯ ಬೇಸ್‌ನಲ್ಲಿ ನುಡಿಸಿ ತೋರಿಸಿದ. ಮುಗಿದಾಗ ಬೀಥೋವನ್ ಎದ್ದು ವಾದಕನನ್ನೂ ವಾದ್ಯವನ್ನೂ ಒಟ್ಟಿಗೆ ತಬ್ಬಿಕೊಂಡನಂತೆ. ಎರಡನ್ನೂ ಒಮ್ಮೆಗೇ ತಬ್ಬುವುದು ಅಳತೆಯ ದೃಷ್ಟಿಯಿಂದ ಸಾಧ್ಯವೇ ಎಂಬುದು ಪ್ರತ್ಯೇಕ ಸಂಶೋಧನೆಯ ವಿಷಯ.

ತಬ್ಬಿಕೊಂಡದ್ದರ ಫಲ ಬೇಗ ಕಂಡಿತು. ಬೀಥೋವನ್ ಬೇಸ್‌ಗಳಿಗೆ ಮೈಮುರಿಯುವ ಕೆಲಸ ಕೊಡತೊಡಗಿದ. 1824ರ ಮೇ 7ರಂದು ವಿಯೆನ್ನಾದಲ್ಲಿ ಮೊದಲ ಸಲ ನುಡಿದ ಒಂಬತ್ತನೆಯ ಸಿಂಫನಿಯ ಕೊನೆಯ ಭಾಗದಲ್ಲಿ ಮನುಷ್ಯರು ಬಾಯಿ ತೆರೆಯುವ ಮೊದಲೇ ಚೆಲ್ಲೊ, ಬೇಸ್‌ಗಳು ಮಾತಾಡುತ್ತವೆ. ಹಿಂದಿನ ಮೂರು ಭಾಗಗಳ ರಾಗಗಳು ಒಂದೊಂದಾಗಿ ತಲೆ ಹಾಕುತ್ತವೆ. ಬೇಸ್‌ಗಳು ಇದಲ್ಲ, ಇದೂ ಅಲ್ಲ ಎಂದು ಗುರುಗುಟ್ಟಿ ಕಳಿಸುತ್ತವೆ. ಉಪನಿಷತ್ತಿನ ವಿಧಾನವನ್ನು ಇಷ್ಟು ತಗ್ಗಿದ ದನಿಯಲ್ಲಿ ಬೇರಾರೂ ಹೇಳಿಲ್ಲ. ಆಮೇಲೆ ಲೋಕವೆಲ್ಲ ಗುನುಗುವ ಆ ಆನಂದದ ರಾಗ ಬರುತ್ತದಲ್ಲ, ಅದನ್ನು ಮೊದಲು ಪೂರ್ತಿಯಾಗಿ ನುಡಿಸುವವರು ಚೆಲ್ಲೊ ಮತ್ತು ಬೇಸ್‌ನವರೇ, ಬೇರೆ ಯಾವ ವಾದ್ಯದ ಒತ್ತಾಸೆಯೂ ಇಲ್ಲದೆ. ಚಪ್ಪಾಳೆ ಕಡೆಗೆ ಹಾಡುಗಾರರಿಗೆ ಹೋಗುತ್ತದೆ. 1845ರಲ್ಲಿ ಬಾನ್ ಊರಿನವರು ಬೀಥೋವನ್ನನ ಪ್ರತಿಮೆ ನಿಲ್ಲಿಸಿ ಉತ್ಸವ ಮಾಡಿದಾಗ ಐದನೆಯ ಸಿಂಫನಿಗೆ 13 ಬೇಸ್‌ಗಳು. ಅವುಗಳ ಮುಂದಾಳು 82ರ ಡ್ರಾಗೊನೆಟ್ಟಿ. ಆನೆಗಳಿಗೆ ಆಯುಸ್ಸು ಹೆಚ್ಚು.

ಮಾಹ್ಲರ್ ತನ್ನ ಮೊದಲ ಸಿಂಫನಿಯ ಮೂರನೆಯ ಭಾಗವನ್ನು ಬೇಸ್‌ನ ಕೈಯಲ್ಲಿ ಶುರುಮಾಡಿಸಿದ. ಮಕ್ಕಳ ಹಾಡೊಂದನ್ನು ಶೋಕದ ಮೇಳಕ್ಕೆ ಇಳಿಸಿ. ಅಲ್ಲಿ ಬರೆದಿರುವುದು ಒಬ್ಬ ವಾದಕನಿಗೋ ಇಡೀ ಸಾಲಿಗೋ ಎಂದು ಈಚಿನ ಸಂಪಾದಕರು ತಕರಾರು ಎತ್ತಿದ್ದಾರೆ. ಬೇಸ್‌ಗೆ ಅಪರೂಪಕ್ಕೆ ಸಿಕ್ಕಿದ ಏಕವಚನವನ್ನೂ ಬಹುವಚನ ಮಾಡುವ ವ್ಯಾಕರಣದ ಹಟ ಇದು. ಈ ಗ್ರಂಥ ಅದನ್ನು ಖಂಡಿಸುತ್ತದೆ.

ಅರ್ಥಾಪತ್ತಿಗೆ ದೇವದತ್ತನ ದೃಷ್ಟಾಂತ ಪ್ರಸಿದ್ಧ: ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ, ಅಂದ ಮೇಲೆ ರಾತ್ರಿ ಉಣ್ಣುತ್ತಿರಬೇಕು. 1804ರಲ್ಲಿ 12 ವರ್ಷದ ಹುಡುಗ ರೊಸ್ಸಿನಿ ಆರು ಸೊನಾಟಾ ಬರೆದ, ಎರಡು ಪಿಟೀಲು, ಒಂದು ಚೆಲ್ಲೊ, ಒಂದು ಡಬಲ್ ಬೇಸ್‌ಗೆ. ವಿಯೊಲಾ ಇಲ್ಲ, ಬೇಸ್ ಇದೆ. ಇರುವುದಷ್ಟೇ ಅಲ್ಲ, ಅದಕ್ಕೆ ಮೆರೆಯಲು ಜಾಗವೂ ಇದೆ. ಅಂದ ಮೇಲೆ ಹುಡುಗ ಉಂಡದ್ದು ಯಾರ ಮನೆಯಲ್ಲಿ? ಅಗೊಸ್ಟಿನೊ ಟ್ರಿಯೊಸ್ಸಿಯ ಮನೆಯಲ್ಲಿ. ಆ ಯಜಮಾನ ಬೇಸ್ ನುಡಿಸುತ್ತಿದ್ದ. ಶೂಬರ್ಟ್‌ನ ‘ಟ್ರೌಟ್’ ಪಂಚಕದಲ್ಲೂ (1819) ಬೇಸ್ ಇದೆ. ಆದರೆ ಅದನ್ನು ಬರೆಸಿದ ಸ್ಟೈಯರ್ ಊರಿನ ಸಾಹುಕಾರನಿಗೆ ಚೆಲ್ಲೊ ಹುಚ್ಚು. ತಳದ ಕೆಲಸವನ್ನು ಬೇಸ್ ಹೊತ್ತುಕೊಂಡದ್ದರಿಂದ ಚೆಲ್ಲೊ ಮೇಲೆದ್ದು ಹಾಡಿತು. ಕೆಲಸ ಒಬ್ಬರದು, ಹಾಡು ಇನ್ನೊಬ್ಬರದು. ಇದನ್ನು ಊಹಿಸಲು ಪ್ರಮಾಣ ಬೇಕಿಲ್ಲ, ಯಾವ ಕಚೇರಿಯಲ್ಲಿ ಕೆಲಸ ಮಾಡಿದವರಿಗೂ ಗೊತ್ತು.

ಉಳಿದದ್ದು ಅನುಪಲಬ್ಧಿ: ಇಲ್ಲದಿರುವುದೇ ಪ್ರಮಾಣ. ವಾಗ್ನರ್‌ನ ‘ಲೋಹೆನ್‌ಗ್ರಿನ್’ ಒಪೆರಾದ ಮೊದಲ ನಿಮಿಷಗಳಲ್ಲಿ ಪಿಟೀಲುಗಳು ಹಲವು ಪಾಲಾಗಿ ಮೇಲುಮೇಲಿನ ಸ್ಥಾಯಿಯಲ್ಲಿ ತೇಲುತ್ತವೆ. ಬೇಸ್ ಸುಮ್ಮನಿದೆ. ಕೇಳುಗನಿಗೆ ಕಾಲ ಕೆಳಗೆ ನೆಲವಿಲ್ಲವೆನ್ನಿಸುತ್ತದೆ, ಅದನ್ನು ಆತ ಭಕ್ತಿಯೆಂದು ತಿಳಿಯುತ್ತಾನೆ. ಅದೇ ವಾಗ್ನರ್ ‘ರೈನ್‌ಗೋಲ್ಡ್’ನಲ್ಲಿ ಉಲ್ಟಾ ಹೊಡೆದ. ಅಲ್ಲಿ ಎಂಟು ಬೇಸ್‌ಗಳು, ಅಷ್ಟದಿಗ್ಗಜಗಳ ಲೆಕ್ಕ. ಇ ತಂತಿಯನ್ನು ಅರ್ಧಸ್ವರ ಸಡಿಲಿಸಿ ಇ ಫ್ಲ್ಯಾಟ್ ಹಿಡಿದರೆ 136 ಬಾರ್ ಕಳೆಯುವವರೆಗೆ ಬಿಡುವುದಿಲ್ಲ. ಕಮಾನು ತುದಿ ಮುಟ್ಟಿದಾಗ ತಿರುಗಿಸಲೇಬೇಕು. ಎಲ್ಲರೂ ಒಮ್ಮೆಗೇ ತಿರುಗಿಸಿದರೆ ಸ್ವರ ತುಂಡಾದೀತೆಂದು ಒಬ್ಬರಾದ ಮೇಲೊಬ್ಬರು ಕಳ್ಳತನದಿಂದ ತಿರುಗಿಸುತ್ತಾರೆ. ಚೆನ್ನಾಗಿ ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಈ ವೃತ್ತಿಯಲ್ಲಿ ಅದೇ ಬಹುಮಾನ.

ಇಷ್ಟು ಹೇಳಿದ ಮೇಲೆ ಒಂದು ಪ್ರಾಸಂಗಿಕ ವಿಚಾರ. ಬೇಸ್ ವಾದಕರು ಕಂಡಕ್ಟರ್ ಆಗುವ ಚಾಳಿ ಹಳೆಯದು. ಜೊವಾನ್ನಿ ಬೊಟ್ಟೆಸಿನಿ (1821–1889) ಮಿಲಾನ್ ಸಂಗೀತಶಾಲೆಗೆ ಹೋದಾಗ ಉಚಿತ ಕಲಿಕೆಗೆ ಬಸೂನ್ ಮತ್ತು ಬೇಸ್ ಎರಡರಲ್ಲಿ ಮಾತ್ರ ಜಾಗವಿತ್ತು; ಬೇಸ್ ಹಿಡಿದ, ಯುರೋಪನ್ನೇ ಬೆರಗುಗೊಳಿಸಿದ. 1871ರ ಡಿಸೆಂಬರ್ 24ರಂದು ಕೈರೊದಲ್ಲಿ ವೆರ್ಡಿಯ ‘ಐದಾ’ದ ಮೊದಲ ಪ್ರಯೋಗ ನಡೆಸಿಕೊಟ್ಟವನು ಇವನೇ. ರಷ್ಯಾದ ಬೇಸ್ ವಾದಕ ಕುಸೆವಿಟ್ಸ್ಕಿ 1924ರಿಂದ 1949ರವರೆಗೆ ಬಾಸ್ಟನ್ ಸಿಂಫನಿಯನ್ನು ಆಳಿದ. ನಮ್ಮ ಮುಂಬಯಿಯಲ್ಲಿ 1936ರಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ವಿಯೆನ್ನಾದಲ್ಲಿ ಓದುವಾಗ ನುಡಿಸುತ್ತಿದ್ದುದೂ ಬೇಸ್. ಹಿಂದೆ ನಿಂತು ಎಲ್ಲರ ತಪ್ಪುಗಳನ್ನು ನೋಡಿದ ಅನುಭವವೇ ಇದಕ್ಕೆ ಕಾರಣ ಎನ್ನುತ್ತಾರೆ ಕೆಲವರು. ಈ ಗ್ರಂಥಕಾರನ ಮತ ಸರಳ: ಕಂಡಕ್ಟರನ ಕೋಲು ಜೇಬಿನಲ್ಲಿ ಹಿಡಿಸುತ್ತದೆ.

ಇದಕ್ಕೆ ಅಪವಾದವೂ ಉಂಟು. ಬೇಸ್ ವಾದಕಿ ಒರಿನ್ ಒಬ್ರಯನ್ 1966ರಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ಸೇರಿದರು. ಅಂದು ಆ ವೃಂದದಲ್ಲಿ ಖಾಯಂ ಹೆಂಗಸು ಅವರೊಬ್ಬರೇ. ಪತ್ರಿಕೆಗಳು ಹಿಂದೆ ಬಿದ್ದಾಗ ಮುಜುಗರಪಟ್ಟರು. ಮುಂದೆ ನಿಲ್ಲುವ ಆಸೆಯೇ ಅವರಿಗೆ ಇರಲಿಲ್ಲ. ಸಾಲಿನಲ್ಲಿ ಒಬ್ಬರಾಗಿ 55 ವರ್ಷ ನುಡಿಸಿ 2021ರಲ್ಲಿ ನಿವೃತ್ತರಾದರು. ಅವರ ಸೋದರನ ಮಗಳು ಮಾಡಿದ ಕಿರುಸಾಕ್ಷ್ಯಚಿತ್ರ 2025ರಲ್ಲಿ ಆಸ್ಕರ್ ಪಡೆಯಿತು. ಇದರ ಬಗ್ಗೆ ಅಣಕ ಮಾಡಲು ಗ್ರಂಥಕಾರನಿಗೆ ಮನಸ್ಸು ಬರುವುದಿಲ್ಲ.

ಆದ್ದರಿಂದ ಡಬಲ್ ಬೇಸ್ ಇದೆ, ಕೇಳಿಸುತ್ತದೆ, ಬೀರು ಅಲ್ಲ ಎಂಬ ಮೂರೂ ಪ್ರತಿಜ್ಞೆಗಳು ಸಿದ್ಧವಾದವು. ಇನ್ನು ಫಲಶ್ರುತಿ. ಈ ಮೀಮಾಂಸೆಯನ್ನು ಒಮ್ಮೆ ಓದಿದವರಿಗೆ ಪಿಟೀಲಿನ ವ್ಯಾಮೋಹ ಇಳಿಯುವುದು. ಎರಡು ಸಲ ಓದಿದವರು ಚೆಲ್ಲೊದವರ ನೆಂಟಸ್ತನದಿಂದ ಪಾರಾಗುವರು. ಓದಲು ವ್ಯವಧಾನವಿಲ್ಲದವರು ಇಷ್ಟು ಮಾಡಿ: ಮುಂಬಯಿಗೆ ಹೋದಾಗ ಎನ್‌ಸಿಪಿಎಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಕಚೇರಿಯಿದ್ದರೆ, ಬೇಸ್‌ಗಳು ಯಾವ ಬದಿಯಲ್ಲಿ ನಿಲ್ಲುತ್ತವೆಂದು ವಿಚಾರಿಸಿ ಆ ಬದಿಯ ಕುರ್ಚಿಯನ್ನೇ ಕೇಳಿ ತೆಗೆದುಕೊಳ್ಳಿ. ಚಪ್ಪಾಳೆ ತಟ್ಟುವಾಗ ಅತ್ತ ತಿರುಗಿ ತಟ್ಟಿ.